ರಾಯಪ್ಪನ ಕಾಲಿನ ಮಣ್ಣು

ಈ ಸಲದ ವಿಭೂತಿ ಬುಧವಾರ ಚರ್ಚಿನಲ್ಲಿ ಸ್ವಾಮಿಗಳು ಹಣೆಗಿಟ್ಟ ಬೂದಿ ಮೂಗಿನ ಮೇಲೆ ಉದುರಿ ನನಗೆ ಸೀನು ಬಂತು. ಹೋದ ವರ್ಷ ಗರಿಗಳ ಭಾನುವಾರ ಹಂಚಿದ ಗರಿಗಳನ್ನು ಸುಟ್ಟ ಬೂದಿ. ಅದರ ವಾಸನೆಯೇ ಬೇರೆ. ಪಕ್ಕದಲ್ಲಿದ್ದ ಮೊಮ್ಮಗಳು, "ಅಜ್ಜಿ, ತಪಸ್ಸುಕಾಲಕ್ಕೆ ನಾನು ಚಾಕಲೇಟು ಬಿಡ್ತೀನಿ. ನೀನೇನು ಬಿಡ್ತೀಯ?" ಎಂದು ಪಿಸುಗುಟ್ಟಿದಳು. ಕಾಫಿ ಎಂದೆ. ಅವಳ ಮುಖ ಸಣ್ಣಗಾಯಿತು. ನಾನು ಕಾಫಿ ಬಿಟ್ಟರೆ ಪಾಸ್ಕ ಹಬ್ಬದವರೆಗಿನ ನಲವತ್ತು ದಿನ ತಪಸ್ಸು ಮಾಡಬೇಕಾದವರು ಮನೆಯ ಉಳಿದವರು ಎಂಬುದು ಅವಳಿಗೂ ಗೊತ್ತು.

ಉಪವಾಸದ ವಿಷಯದಲ್ಲಿ ನಾನು ಮೊದಲಿನಿಂದಲೂ ಜಂಬದವಳೇ. ಐವತ್ತರ ದಶಕದಲ್ಲಿ, ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದ ಮೊದಲ ವರ್ಷವೇ ಅತ್ತೆಯನ್ನು ಸೋಲಿಸಲು ಹೊರಟಿದ್ದೆ. ಅತ್ತೆ ಬಲು ಗಟ್ಟಿ ಹೆಂಗಸು. ನಾನು ಒಂದು ಮುದ್ದೆ ಉಂಡರೆ ಅವರು ಅರ್ಧ ಉಣ್ಣುವರು. ನಾನೂ ಅರ್ಧಕ್ಕಿಳಿದರೆ ಅವರು ಸಾರು ಬಿಟ್ಟು ಬರೀ ಉಪ್ಪು ನೆಂಚಿಕೊಳ್ಳುವರು. ನಮ್ಮ ನಡುವೆ ಮಾವನವರು ತೆಪ್ಪಗೆ ಎರಡು ಮುದ್ದೆ ಉಂಡು ಕೈ ತೊಳೆಯುತ್ತಿದ್ದರು. ಊರ ಚರ್ಚಿಗೆ ಅವರೇ ಉಪದೇಶಿ, ಸ್ವಾಮಿಗಳಿಲ್ಲದಾಗ ಜಪ ನಡೆಸುವವರು. ಶುಕ್ರವಾರದ ಶಿಲುಬೆ ಹಾದಿಯಲ್ಲಿ, ಶಿಲುಬೆ ಹೊತ್ತ ಯೇಸುವನ್ನು ನೆನೆಯುವ ಹದಿನಾಲ್ಕು ಸ್ಥಳಕ್ಕೂ ಮೊಣಕಾಲೂರಿ ಏಳುವಾಗ ಕಣ್ಣು ಕತ್ತಲೆ ಬಂದರೂ ನಾನು ಗೋಡೆ ಹಿಡಿಯುತ್ತಿರಲಿಲ್ಲ. ಯೇಸುವಿನ ಪಾಡು ನನಗೆ ಚೆನ್ನಾಗಿ ಅರ್ಥವಾಗಿದೆ ಎಂದುಕೊಂಡಿದ್ದೆ.

ಪವಿತ್ರ ಗುರುವಾರ, ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ, ಸ್ವಾಮಿಗಳು ಹನ್ನೆರಡು ಜನರ ಪಾದ ತೊಳೆಯುವುದು ನಿಮಗೆ ಗೊತ್ತಿರಬಹುದು. ನಮ್ಮೂರಲ್ಲಿ ಇದಕ್ಕೊಂದು ತಮಾಷೆ ಸೇರಿಕೊಂಡಿತ್ತು. ಸ್ವಾಮಿಗಳ ಕೈಗೆ ಕೊಳೆ ಹತ್ತಬಾರದೆಂದು ಹನ್ನೆರಡು ಜನವೂ ಮನೆಯಲ್ಲೇ ಸೀಗೆಪುಡಿ ಹಾಕಿ, ಹೆಂಚಿನ ಚೂರಿನಿಂದ ಹಿಮ್ಮಡಿ ತಿಕ್ಕಿ, ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದರು. ಪಾಪ, ತೊಳೆದ ಕಾಲನ್ನೇ ಸ್ವಾಮಿಗಳು ಇನ್ನೊಮ್ಮೆ ತೊಳೆಯಬೇಕಿತ್ತು. ಕೂರುವವರೆಲ್ಲ ನಮ್ಮಂಥ ಜಮೀನಿದ್ದ ಮನೆಗಳವರು. ಆ ವರ್ಷ ಹೊಸದಾಗಿ ಬಂದ ಸ್ವಾಮಿಗಳು, ಕೆಳಗಿನ ಕೇರಿಯ ರಾಯಪ್ಪನನ್ನೂ ಸೇರಿಸಿ ಎಂದರು. ರಾಯಪ್ಪ ಕೂಲಿಯವನು. ಅವನೂ ಕ್ರೈಸ್ತನೇ, ನಮ್ಮ ಜೊತೆಗೇ ಪರಮಪ್ರಸಾದ ತೆಗೆದುಕೊಳ್ಳುವವನು. ಆದರೆ ಊರ ಬಾವಿಗೆ ಅವನ ಕೇರಿಯವರು ಹಗ್ಗ ಬಿಡುವಂತಿರಲಿಲ್ಲ. ಮೇಲಿನವರು ಯಾರಾದರೂ ಸೇದಿ ಅವರ ಕೊಡಕ್ಕೆ ಎತ್ತರದಿಂದ ಹುಯ್ಯಬೇಕು. ಇದು ಅನ್ಯಾಯವೆಂದು ನನಗೆ ಅನ್ನಿಸಿಯೇ ಇರಲಿಲ್ಲ, ನೋಡಿ.

ಆ ಗುರುವಾರ ಬಿಸಿಲಿಳಿಯುವ ಹೊತ್ತಿಗೆ ನಾನು ಕೊಡ ತುಂಬಿಕೊಂಡು ಹೊರಟಾಗ ರಾಯಪ್ಪ ಬಾವಿಯಿಂದ ದೂರದಲ್ಲಿ ನಿಂತಿದ್ದ. ಬತ್ತಿದ ಕೆರೆಯಿಂದ ಯಾರದೋ ಹೊಲಕ್ಕೆ ಮಣ್ಣು ಹೊತ್ತು, ನೇರ ಅಲ್ಲಿಂದಲೇ ಬಂದಿದ್ದ.

"ಅವ್ವಾ, ವಸಿ ನೀರು ಉಯ್ರಿ. ಕಾಲು ತೊಳ್ಕಂಡು ಗುಡಿಗೆ ಓಗ್ಬೇಕು," ಎಂದ.

"ಒತ್ತಾಯ್ತು ಕಣಪ್ಪ. ಇನ್ಯಾರಾದ್ರೂ ಬತ್ತಾರೆ, ಇರು," ಎಂದು ಹೊರಟುಬಿಟ್ಟೆ. ಚರ್ಚಿನಲ್ಲಿ ನನಗೆ ಮುಂದಿನ ಜಾಗ ಬೇಕಿತ್ತು. ಹಸಿವಿಗೆ ತಲೆಯೂ ಸುತ್ತುತ್ತಿತ್ತು. ಜಾಗವೇನೋ ಸಿಕ್ಕಿತು, ಅಲ್ಲಿಂದ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

ಹನ್ನೊಂದು ಜೊತೆ ಬೆಳ್ಳನೆಯ ಕಾಲುಗಳಾದ ಮೇಲೆ ರಾಯಪ್ಪನದು, ಮೊಣಕಾಲವರೆಗೂ ಕರಿಮಣ್ಣು. ಸ್ವಾಮಿಗಳು ಬಗ್ಗಿ ನೀರು ಹಾಕಿದರು. ಹಿತ್ತಾಳೆ ತಟ್ಟೆಯ ನೀರು ರಾಡಿಯಾಯಿತು. ಇನ್ನೊಂದು ಚೊಂಬು ತರಿಸಿದರು, ಮತ್ತೂ ಒಂದು. ಬೆರಳ ಸಂದಿಯ ಮಣ್ಣನ್ನು ತಮ್ಮ ಬೆರಳು ಹಾಕಿ ತೆಗೆದರು. ಪೂಜೆ ಮುಗಿದದ್ದೇ ತಡ ಮಾವನವರು, "ವರ್ಸಕ್ಕೊಂದು ದಿನ ಕಾಲು ತೊಳ್ಕಂಡು ಬರಕ್ಕಾಗ್ನಿಲ್ವೇನ್ಲಾ?" ಎಂದು ಅವನನ್ನು ಗದರಿದರು. ನಾನು ಅಲ್ಲೇ ಇದ್ದೆ. ರಾಯಪ್ಪ ನನ್ನತ್ತ ತಿರುಗಿಯೂ ನೋಡದೆ, "ನೀರು ಸಿಗ್ನಿಲ್ಲ ಬುಡಿ ಬುದ್ದಿ," ಎಂದ. ನಾಚಿಕೆಯಿಂದ ನನ್ನ ಜೀವ ಹಿಡಿಯಷ್ಟಾಯಿತು. ಆದರೂ ಬಾಯಿ ಬಿಡಲಿಲ್ಲ.

ಮಾರನೆಯ ದಿನ ಶುಭ ಶುಕ್ರವಾರ. ಬೆಳಿಗ್ಗೆಯೇ ಬಾವಿಗೆ ಹೋಗಿ ಕಾದು, ರಾಯಪ್ಪ ಬಂದಾಗ ಹಗ್ಗವನ್ನೇ ಅವನತ್ತ ನೀಡಿ, ನೀನೇ ಸೇದಿಕೋ ಎಂದೆ. ಅವನು ಹಿಂದಕ್ಕೆ ಸರಿದ.

"ಇವತ್ತು ನೀವಿದ್ದೀರಿ. ನಾಳೀಕೆ ನನ್ನೆಂಡ್ರು ಬಂದು ಅಗ್ಗ ಮುಟ್ಟಿ, ಊರೋರು ಒಡ್ಯಕ್ಕೆ ಬಂದ್ರೆ? ಆಗ ಇರ್ತೀರಾ ಅವ್ವ?"

ಸಿಟ್ಟಿನಿಂದ ಕೇಳಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ. ಇರುತ್ತೇನೆ ಎಂದೆ. ಮುಂದೆ ಬಂದು ಹಗ್ಗ ತೆಗೆದುಕೊಂಡ.

ಹೀಗಾಗಿ ಭಾನುವಾರ, ಯೇಸು ಎದ್ದುಬಂದ ಪಾಸ್ಕ ಹಬ್ಬಕ್ಕೆ, ಎಲ್ಲರೂ ಕೋಳಿಸಾರು ಉಂಡ ಮೇಲೆ ನನ್ನ ತಪಸ್ಸುಕಾಲ ಶುರುವಾಯಿತು. ದಿನಾ ಬೆಳಿಗ್ಗೆ ರಾಯಪ್ಪನ ಹೆಂಡತಿ ಸೇದುವಳು, ನಾನು ಪಕ್ಕದಲ್ಲಿ ನಿಂತು ಬೈಸಿಕೊಳ್ಳುವೆನು. ಮೂರನೆಯ ದಿನ ಯಾರೋ ರಾಟೆಯನ್ನೇ ಕಿತ್ತುಕೊಂಡು ಹೋದರು. ರಾಟೆಯಿಲ್ಲದೆ ಸೇದಿ ಇಬ್ಬರ ಅಂಗೈಗೂ ಬೊಬ್ಬೆ ಬಂದವು. ಉಪವಾಸವೇ ಎಷ್ಟೋ ಸುಖ ಅನ್ನಿಸಿತು. ಅದಕ್ಕೆ ಯಾರೂ ಬೈಯುವುದಿಲ್ಲ. ನಾಲ್ಕನೆಯ ದಿನ ಅತ್ತೆ ಬಂದರು. ಎಳೆದುಕೊಂಡು ಹೋಗುತ್ತಾರೆಂದು ನಾನು ಹೆದರಿದ್ದರೆ, ಅವರು ಬಾವಿಕಟ್ಟೆಯ ಮೇಲೆ ಕೂತು, "ಪುಣ್ಯಾನೆಲ್ಲ ನೀನೊಬ್ಳೇ ಕಟ್ಕಳನ ಅಂತಿದ್ದೀಯೇನಮ್ಮಿ?" ಎಂದರು. ಅವರಿಗೆ ಎದುರಾಡುವ ಗಂಡಸು ಆ ಊರಲ್ಲಿರಲಿಲ್ಲ. ಮಳೆಗಾಲದ ಹೊತ್ತಿಗೆ ಕೆಳಗಿನ ಕೇರಿಯ ಹೆಂಗಸರು ತಾವೇ ಬಂದು ಸೇದಿಕೊಂಡು ಹೋಗುತ್ತಿದ್ದರು. ನಮ್ಮೊಡನೆ ಮಾತು ಬಿಟ್ಟವರು ಬಿಟ್ಟೇ ಇದ್ದರು.

ಇಷ್ಟಾದರೂ ಒಂದು ಮಾತು ಬಾಕಿ ಉಳಿಯಿತು. ಪಾಪನಿವೇದನೆಯಲ್ಲಿ ಸ್ವಾಮಿಗಳಿಗೆ ಹೇಳಿದ್ದೆ, ಕ್ಷಮೆಯೂ ಸಿಕ್ಕಿತ್ತು. ರಾಯಪ್ಪನಿಗೆ ಮಾತ್ರ ತಪ್ಪಾಯಿತು ಎನ್ನಲಿಲ್ಲ. ಇವತ್ತು ನಾಳೆ ಅನ್ನುತ್ತ ವರ್ಷಗಳು ಹೋದವು, ಅವನೂ ಹೋದ. ಮೊಮ್ಮಗಳಿಗೆ ಕಾಫಿ ಎಂದು ಉತ್ತರ ಕೊಟ್ಟೆನಲ್ಲ, ಆ ಹಗುರ ಉತ್ತರವೇ ಚುಚ್ಚಿತೋ ಏನೋ, ಚರ್ಚಿನಿಂದ ಅವಳ ಕೈ ಹಿಡಿದುಕೊಂಡು ನೇರ ಬಸ್ಸು ಹತ್ತಿದೆ. ರಾಯಪ್ಪನ ಮಗಳು ಲೂರ್ದಮ್ಮನನ್ನು ಭೀಮನಬೀಡಿಗೆ ಕೊಟ್ಟಿದ್ದಾರೆ. ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಈರುಳ್ಳಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಗೊತ್ತು ಕಣವ್ವ. ಅಪ್ಪ ಏಳಿತ್ತು."

"ಏನಂತ?"

"ಆಯಮ್ಮ ಅವತ್ತು ನೀರು ಉಯ್ದುಬುಟ್ಟಿದ್ರೆ, ನಾವು ಇವತ್ತೂ ಕೊಡ ಒಡ್ಡಿಕಂಡೇ ನಿಂತಿರ್ತಿದ್ದೊ ಅಂತಿತ್ತು."

ಈ ಮಾತಿನ ಹಿಂದೆ ಅಡಗಿಕೊಂಡು ಹಗುರಾಗಿ ಎದ್ದು ಬರಬಹುದಿತ್ತು. ಮನಸ್ಸಾಗಲಿಲ್ಲ.

"ಆದ್ರೂ ತಪ್ಪಾಯ್ತು ಲೂರ್ದಮ್ಮ," ಎಂದೆ.

ಅವಳು ಆಗ ತಲೆ ಎತ್ತಿ ನನ್ನನ್ನು ನೋಡಿದಳು.

"ಊ ಕಣವ್ವ," ಎಂದಳು. "ತಪ್ಪೇ."