ಹಿಂದೆ ಹಿಮದ ಬೆಟ್ಟ ಇರಲಿ

ಭೂತಾನ್‌ಗೆ ಹೋಗುತ್ತೇವೆಂದು ನಾನು ಮೊದಲು ಹೇಳಿದ್ದು ಅವ್ವನಿಗೆ. ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅಲ್ಲೋ ತಮ್ಮಾ, ಹೆಸರಿನಾಗೇ ಭೂತ ಐತೆ. ಅಂಥಾ ಊರಿಗೆ ರೊಕ್ಕ ಕೊಟ್ಟು ಯಾಕ ಹೋಗ್ತೀಯ?"

ಅದು ಊರಲ್ಲ, ದೇಶ. ನಮ್ಮ ದೇಶದ ತಲೆಯ ಹತ್ತಿರ ಇರುವ ಪುಟ್ಟ ದೇಶ, ಬರೀ ಬೆಟ್ಟ ಎಂದೆ.

"ದೇಶದ ತುಂಬ ಅದಾವ ಅನ್ನು" ಎಂದು ಮತ್ತೆ ಕಾಯಿಗೆ ಕೈ ಹಾಕಿದಳು.

ನಾನು ನಕ್ಕೆ. ನಕ್ಕಿದ್ದು ಬಾಯಿ ಮಾತ್ರ. ಆಗ, ತೊಂಬತ್ತರ ದಶಕದ ಕೊನೆಯಲ್ಲಿ, ನಾನು ದಾವಣಗೆರೆಯಲ್ಲಿ ವಿಮೆ ಏಜೆಂಟನಾಗಿದ್ದೆ. "ನಾಳೆ ನಿಮಗೇನಾದ್ರೂ ಆದ್ರೆ ಮನೆಯವರ ಗತಿ ಏನ್ರಿ" ಎಂದು ಮನೆಮನೆಗೆ ಹೋಗಿ ಕೇಳುವುದೇ ನನ್ನ ಕಸುಬು. ಆ ಮಾತನ್ನು ಪೂರ್ತಿ ನಂಬಿದವನು ಇಡೀ ಊರಿನಲ್ಲಿ ನಾನೊಬ್ಬನೇ ಎಂದು ಹೆಂಡತಿ ಹೇಳುತ್ತಿದ್ದಳು. ಮಳೆ ಬಂದರೆ ಮನೆ ಸೋರುವ ಚಿಂತೆ, ಬರದಿದ್ದರೆ ಸೋರುವ ಜಾಗ ಪತ್ತೆಯಾಗಲಿಲ್ಲವಲ್ಲ ಎನ್ನುವ ಚಿಂತೆ.

ಪ್ರವಾಸದ ಆಸೆ ನನ್ನದಲ್ಲ. ನನ್ನ ಹೆಂಡತಿ ಮತ್ತು ಹರಿಹರದಲ್ಲಿದ್ದ ಅವಳ ಅಕ್ಕ, ಇಬ್ಬರದು. ಅಕ್ಕನ ಅಡುಗೆಮನೆಯಲ್ಲಿ ಯಾವುದೋ ಬಟ್ಟೆ ಅಂಗಡಿಯ ಹಳೇ ಕ್ಯಾಲೆಂಡರ್ ಇತ್ತು. ವರ್ಷ ಮುಗಿದು ಎಷ್ಟೋ ಕಾಲವಾಗಿದ್ದರೂ ಅದರ ಮೇಲಿನ ಹಿಮದ ಬೆಟ್ಟಕ್ಕಾಗಿ ಇಟ್ಟುಕೊಂಡಿದ್ದರು. ಅದರ ಮುಂದೆ ರೊಟ್ಟಿ ಬಡಿಯುತ್ತ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಹರಕೆ ಇಲ್ಲದೆ, ದೇವರ ದರ್ಶನ ಇಲ್ಲದೆ, ಸುಮ್ಮನೆ ಸುಖಪಡಲಿಕ್ಕೆ ಒಂದು ಸಲ ಹೋಗಬೇಕು. ಛತ್ರದಲ್ಲಿ ಅಲ್ಲ, ಒಳ್ಳೇ ಹೋಟೆಲಿನಲ್ಲಿ ಉಳಿಯಬೇಕು. ಚಟ್ನಿಪುಡಿ ಡಬ್ಬಿ ಒಯ್ಯಬಾರದು. ಭೂತಾನ್‌ನಲ್ಲಿ ಕಲ್ಲುಗಳನ್ನು ಕೆಂಪಗೆ ಕಾಯಿಸಿ ಮರದ ತೊಟ್ಟಿಯ ನೀರಿಗೆ ಹಾಕಿ ಸ್ನಾನ ಮಾಡಿಸುತ್ತಾರಂತೆ ಎಂದು ಎಲ್ಲೋ ಓದಿದ್ದ ಅಕ್ಕ, ಅದನ್ನು ಮಾಡಿಯೇ ತೀರಬೇಕು ಎನ್ನುತ್ತಿದ್ದರು. "ಈ ವರ್ಷ ಬ್ಯಾಡ, ಮುಂದಿನ ವರ್ಷ ನೋಡಾಣ" ಎಂದೂ ಅವರೇ ಎನ್ನುತ್ತಿದ್ದರು. ಆ ಪ್ರವಾಸದ ಹಿಂದಿನ ವರ್ಷ ಒಂದು ಬೆಳಿಗ್ಗೆ ಅದೇ ಒಲೆಯ ಮುಂದೆ ಕುಸಿದು ಕೂತವರು ಏಳಲಿಲ್ಲ.

ಅವರ ಫೋಟೋವನ್ನು ಹರಿಹರದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸ್ಟುಡಿಯೋದವರು ದೊಡ್ಡದು ಮಾಡಿ ಕೊಟ್ಟರು. ನಮ್ಮ ಕಡೆ ತೀರಿಕೊಂಡವರನ್ನು ಕೈಲಾಸಕ್ಕೆ ಹೋದರು ಎನ್ನುವುದು ರೂಢಿ. ಸ್ಟುಡಿಯೋದವರು ಅದನ್ನು ಅಕ್ಷರಶಃ ಪಾಲಿಸುತ್ತಿದ್ದರು: ಸತ್ತವರ ಬೆನ್ನ ಹಿಂದೆ ಬಿಳಿ ಬೆಟ್ಟ, ಹಣೆಗೆ ವಿಭೂತಿ, ತಲೆಯ ಸುತ್ತ ಬೆಳಕು. ಹಾಗಾಗಿ ಗೋಡೆಯ ಮೇಲೆ ಅಕ್ಕ ಕಡೆಗೂ ಹಿಮದ ಮುಂದೆ ಕೂತರು, ಸ್ವೆಟರ್ ಕೂಡ ಇಲ್ಲದೆ. ನನ್ನ ಹೆಂಡತಿ ಅದನ್ನು ನೋಡಿ ಅಳಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ, ತುಂಗಭದ್ರೆಯ ಸೇತುವೆ ಕಡೆ ತಿರುಗಿ ನೋಡುತ್ತ, "ಈ ಸಲ ಹೋಗಾದೇರೀ" ಎಂದಳು.

ಯೋಜನೆ ಶುರುವಾಯಿತು. ಅವಳು ಹೋಟೆಲಿಗೆ ಬರೆದಳು. ನಾನು ಮಾತ್ರೆ ಕೂಡಿಟ್ಟೆ. ಅವಳು ಉಣ್ಣೆಯ ಶಾಲು ಕೊಂಡಳು. ನಾನು ಕಾಲಿನ ನೋವಿಗೆ, ಕಿವಿಯ ಗಾಳಿಗೆ, ಬಸ್ಸು ಕಣಿವೆಗೆ ಉರುಳಿದರೆ ಬೇಕಾಗುವುದಕ್ಕೆ ಎಂದು ಏನೇನೋ ಕೊಂಡೆ. ಕಲ್ಕತ್ತಾ ದಾಟಿ ಹೋಗುವ ಟಿಕೆಟ್ ಸಿಕ್ಕಿತು. ವಾಪಸು ಬರುವ ಟಿಕೆಟ್ ಮಾತ್ರ ವೇಟಿಂಗ್ ಲಿಸ್ಟಿನಲ್ಲಿ ನಿಂತಿತ್ತು. ಇದರಲ್ಲೇನೋ ಸೂಚನೆ ಇದೆ ಅನಿಸಿತು. ನಡುನಡುವೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿ ಅಡುಗೆಮನೆಗೆ ಹೋದರೆ ಒಲೆ ತಣ್ಣಗಿರುತ್ತಿತ್ತು. ಪಕ್ಕದ ಮನೆಯದಿರಬೇಕು ಎಂದುಕೊಂಡು ಬರುತ್ತಿದ್ದೆ. ಪಕ್ಕದ ಮನೆಯವರು ಅನ್ನ ಉಣ್ಣುವವರು.

ಆ ದೇಶದೊಳಗೆ ಹೋಗುವ ಪರ್ಮಿಟ್ಟಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕಿತ್ತು. ಕೆ.ಬಿ. ಬಡಾವಣೆಯ ನಮ್ಮ ಮನೆಯ ಸುತ್ತಮುತ್ತ ಬೇಕಾದಷ್ಟು ಸ್ಟುಡಿಯೋ ಇದ್ದರೂ ಹೆಂಡತಿ ಹರಿಹರದ ಅದೇ ಸ್ಟುಡಿಯೋ ಎಂದು ಹಟ ಹಿಡಿದಳು. ಅಕ್ಕನಿಗೆ ಹೇಳಿ ಹೋದಂತೆ ಆಗುತ್ತದೆಂದು ಅವಳಿಗೆ ಅನಿಸಿರಬೇಕು. ಅಲ್ಲಿ ಫೋಟೋ ತೆಗೆಸಿ ಹೊರಡುವಾಗ ಸ್ಟುಡಿಯೋ ಮಾಲೀಕನಿಗೆ ಇನ್ನೊಂದು ಮಾತು ಹೇಳಿದಳು.

"ನಮ್ಮಿಬ್ಬರದೂ ಒಂದು ದೊಡ್ಡದು ಮಾಡ್ರಿ. ಹಿಂದೆ ಹಿಮದ ಬೆಟ್ಟ ಇರ್ಲಿ."

ಆತ ಚೀಟಿಯಲ್ಲಿ ಅಷ್ಟನ್ನೇ ಬರೆದು, ಹಿಂದಿನ ಕೋಣೆಯಲ್ಲಿ ಫೋಟೋಗೆ ಬಣ್ಣ ತುಂಬುವ ಬ್ರಷ್ ಕೆಲಸದವನಿಗೆ ಕಳಿಸಿದ.

ವಾರದ ಮೇಲೆ ತರಲು ಹೋದೆವು. ಮಾಲೀಕ ಕಾಗದ ಬಿಚ್ಚಿದ. ಬಿಚ್ಚಿದವನೇ ಮತ್ತೆ ಮುಚ್ಚಲು ನೋಡಿದ, ಅಷ್ಟರಲ್ಲಿ ನಾವು ನೋಡಿಯಾಗಿತ್ತು. ಕೈಲಾಸದ ಮುಂದೆ ನಾನೂ ನನ್ನ ಹೆಂಡತಿಯೂ ಶಾಂತವಾಗಿ ಕೂತಿದ್ದೆವು. ಹಣೆ ತುಂಬ ವಿಭೂತಿ, ತಲೆಯ ಸುತ್ತ ತಿಳಿಹಳದಿ ಬೆಳಕು, ಅಂಚಿಗೆ ಹೂ. ನನ್ನ ಮುಖದಲ್ಲಿ ಚಿಂತೆಯ ಒಂದು ಗೆರೆಯೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು.

"ತಪ್ಪಾತ್ರಿ ಸರ. ಹಿಮದ ಬೆಟ್ಟ ಅಂದ್ರ ನಮ್ಮ ಅಂಗಡ್ಯಾಗ ಅರ್ಥ ಒಂದೇರಿ. ಬದುಕಿದ್ದೋರೆಲ್ಲ ತಾಜ್‌ಮಹಲ್ ಕೇಳ್ತಾರ. ಹರಿದು ಹಾಕಿ ಬ್ಯಾರೆ ಮಾಡಿ ಕೊಡ್ತೀನಿ."

"ಹರಿಬ್ಯಾಡ್ರಿ" ಎಂದೆ. ಹರಿದರೆ ಕೆಟ್ಟದ್ದು. ಅಲ್ಲೇ ಬಿಟ್ಟರೆ ಇನ್ನೂ ಕೆಟ್ಟದ್ದು. ಮನೆಗೆ ಒಯ್ದರೆ ಏನಾಗುತ್ತದೋ ಯೋಚಿಸಲೂ ಧೈರ್ಯವಿರಲಿಲ್ಲ. ಹೆಂಡತಿಯ ಕಡೆ ತಿರುಗಿದೆ. "ಈ ವರ್ಷ ಬ್ಯಾಡ ಕಣೇ. ಮುಂದಿನ ವರ್ಷ ನೋಡಾಣ."

ಆಡಿದ ಮೇಲೆ ಅದು ಯಾರ ಮಾತು ಎಂದು ನನಗೂ ತಿಳಿಯಿತು. ಅವಳು ನನ್ನನ್ನು ನೋಡಲಿಲ್ಲ. ಫೋಟೋದ ಕೆಳಗಿದ್ದ ಎರಡು ಖಾಲಿ ಬಿಳಿ ಪಟ್ಟಿಗಳನ್ನು ನೋಡುತ್ತಿದ್ದಳು.

"ಇವು ಯಾಕ ಬಿಟ್ಟೀರಿ?"

ಮಾಲೀಕ ತಲೆ ಕೆರೆದುಕೊಂಡ. "ತಾರೀಖಿಗ್ರಿ ಅಕ್ಕಾರೆ. ಎಡಕ್ಕ ಜನನ. ಬಲಕ್ಕ... ಇನ್ನೊಂದು."

"ಎಡಕ್ಕೆ ನಾವು ಹೊರಡೋ ತಾರೀಖು ಬರೀರಿ" ಎಂದು ತಾರೀಖು ಹೇಳಿದಳು. ಆತ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಕಪ್ಪು ಬಣ್ಣದಲ್ಲಿ, ದುಂಡನೆಯ ಅಕ್ಷರದಲ್ಲಿ ಬರೆದ.

"ಬಲಕ್ಕ ಏನು ಬರೀಲ್ರಿ? ಬರೋದಾ?"

ಹೆಂಡತಿ ಬಲಗಡೆಯ ಪಟ್ಟಿಯ ಮೇಲೆ ಬೆರಳಿಟ್ಟಳು.

"ಅದಿನ್ನೂ ಪಕ್ಕಾ ಆಗಿಲ್ಲ" ಎಂದಳು.

ಆತ ಬ್ರಷ್ ಒರೆಸಿ ಇಟ್ಟ.

ಬರೆದ ತಾರೀಖಿಗೇ ಹೊರಟೆವು. ಬಿಸಿ ಕಲ್ಲಿನ ಸ್ನಾನ ಮಾಡಿದ ದಿನ ಅವಳು ತೊಟ್ಟಿಯಿಂದ ಎದ್ದು ಬರಲು ಬಹಳ ಹೊತ್ತು ಹಿಡಿಯಿತು. ಒಳಗಿನಿಂದ ಅವಳು ಯಾರ ಜೊತೆಗೋ ಮಾತಾಡುತ್ತಿರುವುದು ಕೇಳಿಸಿತು. ನಾನು ಬಾಗಿಲು ತಟ್ಟಲಿಲ್ಲ. ಮರುದಿನ ಹೋಟೆಲಿನ ಅಂಗಳದಲ್ಲಿ, ದೂರದ ಹಿಮ ಕಾಣುವಂತೆ ನಿಂತು, "ಫೋಟೋ ಹೊಡೀರಿ" ಎಂದಳು. ಕ್ಯಾಮೆರಾಕ್ಕೆ ಕಣ್ಣಿಟ್ಟವನಿಗೆ ಗುಂಡಿ ಒತ್ತಲಾಗಲಿಲ್ಲ. "ಈ ಕಡೆ ಬಾ, ಹಿಂದೆ ಹೋಟೆಲ್ ಇರ್ಲಿ" ಎಂದೆ. ಹೀಗಾಗಿ ಅಷ್ಟು ದೂರ ಹೋಗಿ ನಾವು ತಂದ ಚಿತ್ರಗಳಲ್ಲೆಲ್ಲ ಗೋಡೆ, ಮೆಟ್ಟಿಲು ಮತ್ತು ಒಂದು ನೀರಿನ ಟ್ಯಾಂಕ್.

ಟಿಕೆಟ್ ಆಮೇಲೆ ಸಿಕ್ಕಿತು, ವಾಪಸು ಬಂದೆವು. ಸ್ಟುಡಿಯೋದ ಫೋಟೋ ನಮ್ಮ ಹಾಲ್‌ನಲ್ಲೇ ಇದೆ, ಅವಳು ತೆಗೆಯಗೊಡಲಿಲ್ಲ. ಮೀಟರ್ ನೋಡಲು ಬಂದವರು ಕೆಲವೊಮ್ಮೆ ಅದಕ್ಕೆ ಕೈ ಮುಗಿದು, ಆಮೇಲೆ ಒಳಗಿನಿಂದ ಬರುವ ನನ್ನನ್ನು ನೋಡಿ ಗಾಬರಿಯಾಗುತ್ತಾರೆ. ಬಲಗಡೆಯ ಪಟ್ಟಿಗೆ ವಾಪಸು ಬಂದ ತಾರೀಖು ಬರೆಸಿಬಿಡೋಣ ಎಂದು ಹಲವು ಸಲ ಹೇಳಿದ್ದೇನೆ.

"ಇರ್ಲಿ ಬಿಡ್ರಿ, ಒಂದಾದ್ರೂ ಜಾಗ ಖಾಲಿ ಇರ್ಲಿ" ಎನ್ನುತ್ತಾಳೆ, ರೊಟ್ಟಿ ಬಡಿಯುತ್ತಲೇ. ಆ ಸದ್ದು ಅವಳದೇ ಎಂದು ಒಮ್ಮೆ ಇಣುಕಿ ನೋಡಿಕೊಂಡು ಬರುತ್ತೇನೆ.