ಮೊಮ್ಮಗಳಿಗೆ ತೊಡಿಸಿದ ಕುಸುರೆಳ್ಳಿನ ಸರ

ಸಾಂಗ್ಲಿ-ಮಿರಜದ ಕಡೆ ಯಾರ ಮನೆಗೆ ಹೋದರೂ ಮೊದಲು ಬಾಯಿ ಸಿಹಿ ಮಾಡುತ್ತಾರೆ. ಕೃಷ್ಣೆಯ ದಂಡೆಯುದ್ದಕ್ಕೂ ಕಬ್ಬು ಬೆಳೆಯುವ ಜನ. ‘ನನಗೆ ಸಿಹಿ ಬೇಡ’ ಅಂದರೆ ತಮಗೇ ಬೈದರೇನೋ ಎಂಬಂತೆ ನೋಡುತ್ತಾರೆ. ಸಕ್ಕರೆ ಕಾಯಿಲೆ ಬಂದ ಹಿರಿಯರಿಗೆ ಮಾತ್ರ ಮಾಫಿ. ಒಂದು ಕೂಸಿಗೆ ಆ ಮಾಫಿ ಸಿಗಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಕೂಸು ಅಂದರೆ ನನ್ನ ಮೊಮ್ಮಗಳು, ಮಗನ ಮಗಳು. ತಾಯಿಯ ಹಾಲನ್ನಷ್ಟೇ ಕುಡಿಯುತ್ತಿದ್ದಾಗ ಗುಂಡುಗುಂಡಾಗಿದ್ದಳು. ಮೊದಲ ಅನ್ನ ಉಣಿಸುವ ದಿನ ಬೆಳ್ಳಿಯ ಬಟ್ಟಲಲ್ಲಿ ಖೀರು ತಿನ್ನಿಸಿದೆವು, ಅಂದಿನಿಂದ ಭೇದಿ ಹಿಡಿಯಿತು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಹೊಟ್ಟೆ ಉಬ್ಬಿತು, ಕೈಕಾಲು ಕಡ್ಡಿಯಾದವು. ಭೇದಿಯಾದಾಗಲೆಲ್ಲ ಮನೆಯಲ್ಲಿ ಸಕ್ಕರೆ-ಉಪ್ಪಿನ ನೀರು ಕಲಸಿ ಕುಡಿಸುತ್ತಿದ್ದೆವು. ಎಷ್ಟೋ ಮಕ್ಕಳ ಜೀವ ಉಳಿಸಿದ ನೀರು ಅದು, ನಾನು ಅದನ್ನು ದೂರುವುದಿಲ್ಲ. ಈ ಕೂಸಿಗೆ ಮಾತ್ರ ಅದು ಬೆಂಕಿಗೆ ತುಪ್ಪ ಸುರಿದ ಹಾಗಾಗುತ್ತಿತ್ತು. ಅದರ ಮೇಲೆ ಔಷಧದ ಸಿರಪ್ಪು, ಅದೂ ಸಿಹಿ.

ಬೈಸಿಕೊಂಡವಳು ಯಾರು? ನನ್ನ ಸೊಸೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳ ಹಾಲು ಕೆಟ್ಟಿದೆ, ಅವಳು ಏನೋ ತಿನ್ನಬಾರದ್ದನ್ನು ತಿಂದಿದ್ದಾಳೆ ಎಂದು ಬಂದವರೆಲ್ಲ ಹೇಳಿದರು. ಎಲ್ಲರಿಗಿಂತ ದೊಡ್ಡ ದನಿ ಕಸಬೆ ಡಿಗ್ರಜದಲ್ಲಿರುವ ನನ್ನ ಗಂಡನ ಅಕ್ಕನದು. ಅಕ್ಕ ಅಂದರೆ ನಮ್ಮ ಮನೆತನದ ಹೈಕೋರ್ಟು. ಬಂದಾಗಲೆಲ್ಲ ಸೊಸೆಯ ತಾಟಿನಲ್ಲಿ ಏನಿದೆ ಎಂದು ಇಣುಕಿ ನೋಡುತ್ತಿದ್ದರು. ಸೊಸೆ ಬೇಡಗ ಎಂಬ ಊರಿನ ಹುಡುಗಿ, ಎದುರು ಮಾತಾಡಿದವಳಲ್ಲ. ಮೊದಲು ಉಪ್ಪಿನಕಾಯಿ ಬಿಟ್ಟಳು, ಆಮೇಲೆ ಖಾರ ಬಿಟ್ಟಳು, ಆಮೇಲೆ ಬೇಳೆಯನ್ನೂ ಬಿಟ್ಟು ಬರೀ ಮಜ್ಜಿಗೆ ಅನ್ನ ಉಣ್ಣತೊಡಗಿದಳು. ಕೂಸಿನ ಜೊತೆ ತಾಯಿಯೂ ಸೊರಗಿದಳು.

ಕೊನೆಗೆ ಮಿರಜದ ಮಕ್ಕಳ ಡಾಕ್ಟರೊಬ್ಬರು ಕೂಸು ಏನೇನು ತಿನ್ನುತ್ತದೆ ಎಂದು ಸಾವಕಾಶವಾಗಿ ವಿಚಾರಿಸಿ, ಸಕ್ಕರೆ-ಬೆಲ್ಲ ಪೂರ್ತಿ ನಿಲ್ಲಿಸಿ ನೋಡಿ ಎಂದರು. ನಿಲ್ಲಿಸಿದೆವು, ಭೇದಿ ನಿಂತಿತು. ತಪಾಸಣೆಯಲ್ಲೂ ಅದೇ ಬಂತು. ಸಕ್ಕರೆಯನ್ನು ಒಡೆಯುವ ಕಿಣ್ವ ಈ ಕೂಸಿನ ಕರುಳಿನಲ್ಲಿ ಹುಟ್ಟಿನಿಂದಲೇ ಇಲ್ಲ. ಒಡೆಯದ ಸಕ್ಕರೆ ಮೈಗೆ ಹತ್ತದೆ ಕರುಳಿನಲ್ಲಿ ನೀರು ಎಳೆದು, ಹುದುಗಿ, ಭೇದಿಯಾಗಿ ಹೋಗುತ್ತದೆ. ತಾಯಿಯ ಹಾಲಿನ ಸಿಹಿ ಬೇರೆ ಜಾತಿಯದು, ಅದರಿಂದ ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಸೊಸೆಯ ಮುಖ ನೋಡಿಯೇ ಹೇಳಿದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಕಿಣ್ವದ ಕಥೆಯನ್ನು ಅವರು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೂದಲು ಬೆಳ್ಳಗಾಗುವ ತನಕ ಕಬ್ಬಿನ ರಸ ಪರೀಕ್ಷೆ ಮಾಡಿದವಳು ನಾನು. ನಾವು ಚಹಾಕ್ಕೆ ಹಾಕುವ ಸಕ್ಕರೆ ಎರಡು ಸಣ್ಣ ಸಕ್ಕರೆಗಳ ಜೋಡಿ. ಕಡಿದ ಕಬ್ಬು ಕೂಡಲೇ ಸಾಯುವುದಿಲ್ಲ. ಅದರೊಳಗಿನ ಕಿಣ್ವ ಆ ಜೋಡಿಯನ್ನು ಬಿಡಿಸುತ್ತಲೇ ಇರುತ್ತದೆ. ಬಿಡಿಸಿದ ಸಕ್ಕರೆ ಹರಳುಗಟ್ಟುವುದಿಲ್ಲ. ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳು ಬಿಸಿಲಲ್ಲಿ ಸಾಲುಗಟ್ಟಿ ನಿಂತರೆ ಕಬ್ಬು ಹುಳಿ ನಾತ ಹೊಡೆಯುತ್ತಿತ್ತು, ಕಣ್ಣಿಗೆ ಕಾಣದ ಜೀವಿಗಳು ಸೇರಿಕೊಂಡು ರಸ ಲೋಳೆಯಾಗುತ್ತಿತ್ತು. ಹಳಸಿದ ಕಬ್ಬನ್ನು ಗಾಣಕ್ಕೆ ಕೊಟ್ಟವರೊಡನೆ ನಾನು ಜಗಳವಾಡದ ಹಂಗಾಮೇ ಇಲ್ಲ. ಸಕ್ಕರೆ ಒಡೆಯುವುದು ಅಂದರೆ ನನ್ನ ಪಾಲಿಗೆ ಕಳ್ಳತನ. ಅಂಥ ಕಿಣ್ವ ಕಬ್ಬಿಗಿದೆ, ಕಾಕಂಬಿ ಹುದುಗಿಸುವ ಈಸ್ಟಿಗಿದೆ, ಹೂವಿನ ರಸವನ್ನು ಜೇನು ಮಾಡುವ ನೊಣಕ್ಕೂ ಇದೆ, ನಮ್ಮ ಮನೆಯ ಕೂಸಿಗೆ ಇಲ್ಲ. ಇದಕ್ಕಾಗಿ ಯಾರ ಜೊತೆ ಜಗಳವಾಡಲಿ?

ವರ್ಷ ತುಂಬಿದ ಮೇಲೆ ಬೇಕಾದರೆ ಜೇನುತುಪ್ಪ ಕೊಡಬಹುದು, ಅದು ಆಗಲೇ ಒಡೆದ ಸಕ್ಕರೆ ಎಂದೂ ಡಾಕ್ಟರು ಹೇಳಿದ್ದರು. ನಾವು ಜೈನರು. ಜೇನು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ, ನಾನೂ ತರಲಿಲ್ಲ. ದ್ರಾಕ್ಷಿ ಇದೆಯಲ್ಲ. ಅದರ ಸಿಹಿಯೂ ಹೆಚ್ಚುಕಡಿಮೆ ಪೂರ್ತಿ ಒಡೆದದ್ದೇ. ಕವಲಾಪುರದ ತೋಟದಿಂದ ದ್ರಾಕ್ಷಿ ತರಿಸಿದೆವು, ಹಂಗಾಮು ಮುಗಿದ ಮೇಲೆ ಬೇದಾಣೆ, ಅಂದರೆ ಒಣದ್ರಾಕ್ಷಿ, ನೆನೆಸಿ ಕಿವುಚಿ ಕೊಟ್ಟೆವು. ಕೂಸು ಮೈ ತುಂಬಿಕೊಂಡಿತು. ಸೊಸೆಯ ತಾಟಿಗೆ ಉಪ್ಪಿನಕಾಯಿ ವಾಪಸು ಬಂತು.

ಇಷ್ಟನ್ನೂ ನಾನು ಅಕ್ಕನಿಗೆ ಗಿಣಿಗೆ ಹೇಳಿದಂತೆ ಹೇಳಿದೆ. ಅವರಿಗೆ ಕೇಳಿಸಿದ್ದು ಜೇನು ಎಂಬ ಒಂದೇ ಮಾತು. ಜೈನರ ಕೂಸಿಗೆ ಜೇನು ತಿನ್ನಿಸು ಅನ್ನುವ ಡಾಕ್ಟರನ ಮಾತು ಏನು ಕೇಳುವುದು ಎಂದರು. ಅದೇ ಅಕ್ಕನಿಗೆ ಸಕ್ಕರೆ ಕಾಯಿಲೆ. ಅವರ ಚಹಾ ಕುದಿಸುವ ಪಾತೇಲಿಯೇ ಬೇರೆ. ಒಂದು ಲಗ್ನದಲ್ಲಿ ಯಾರೋ ತಿಳಿಯದೆ ಸಿಹಿ ಚಹಾ ಕೊಟ್ಟದ್ದಕ್ಕೆ ಬೀಗರನ್ನೆಲ್ಲ ನಿಲ್ಲಿಸಿ ಬೈದಿದ್ದರು. ತಮ್ಮ ಡಾಕ್ಟರನ ಮಾತು ಶಾಸನ, ಕೂಸಿನ ಡಾಕ್ಟರನ ಮಾತು ಗಾಳಿಮಾತು. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ.

ಅಷ್ಟರಲ್ಲಿ ಸಂಕ್ರಾಂತಿ ಬಂತು. ನಮ್ಮಲ್ಲಿ ಸಣ್ಣ ಮಕ್ಕಳಿಗೆ ಬೋರನ್ಹಾಣ ಮಾಡುತ್ತಾರೆ. ಕರಿ ಅಂಗಿ ಹಾಕಿ, ಕುಸುರೆಳ್ಳು ಪೋಣಿಸಿದ ಕಿರೀಟ, ಸರ, ಬಳೆ ತೊಡಿಸಿ, ತಲೆಯ ಮೇಲಿಂದ ಬೋರೆಹಣ್ಣು, ಚುರಮುರಿ, ಕಬ್ಬಿನ ತುಂಡು ಸುರಿಯುತ್ತಾರೆ. ಕುಸುರೆಳ್ಳು ಅಂದರೆ ಎಳ್ಳಿನ ಸುತ್ತ ಬರೀ ಸಕ್ಕರೆ. ಈ ಸಲ ಮುತ್ತಿನ ಸರ ಹಾಕೋಣ, ಚುರಮುರಿಯಲ್ಲಿ ಬೇದಾಣೆ ಬೆರೆಸೋಣ ಎಂದು ನಾನು ಮೊದಲೇ ಹೇಳಿದ್ದೆ. ಆದರೂ ಅಕ್ಕ ಕುಸುರೆಳ್ಳಿನ ಒಡವೆಗಳ ಡಬ್ಬಿ ಹಿಡಿದುಕೊಂಡೇ ಬಂದರು. ಫೋಟೋ ತೆಗೆದ ಕೂಡಲೇ ಬಿಚ್ಚಬೇಕು ಎಂದೆ. ಆಯಿತು ಎಂದರು.

ಬಂದ ಹೆಂಗಸರಿಗೆ ಕೊಡಲು ನಾನು ಒಳಗಿನಿಂದ ಎಳ್ಳು-ಬೆಲ್ಲ ತರುವಷ್ಟರಲ್ಲಿ ಕೂಸು ಅಕ್ಕನ ತೊಡೆಯ ಮೇಲಿತ್ತು. ಸರದ ಅರ್ಧ ದಾರ ಬೋಳಾಗಿತ್ತು. ಅಕ್ಕ ಮತ್ತೊಂದು ಮಣಿ ಕಿತ್ತು ಅದರ ಬಾಯಿಗೆ ಇಡುತ್ತಿದ್ದರು.

“ಒಂದ ಮಣಿಯಿಂದ ಏನ ಆಗತೈತಿ?” ಎಂದರು ನನ್ನನ್ನು ನೋಡಿ. “ನಮ್ಮ ಹುಡುಗರೆಲ್ಲಾ ಸಕ್ಕರಿ ತಿಂದ ಬೆಳದಾವ.”

ಸುತ್ತ ಕೂತಿದ್ದ ಹೆಂಗಸರು ತಲೆ ಆಡಿಸಿದರು. ನಾನು ಕೂಸನ್ನು ಕಸಿದುಕೊಂಡೆ. ಹಬ್ಬದ ದಿನ ಇಷ್ಟು ಸಿಟ್ಟು ಯಾಕೆ ಎಂದು ನನಗೇ ಬುದ್ಧಿ ಹೇಳಿದರು.

ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿತು. ಕೂಸು ಕಾಲು ಮಡಚಿಕೊಂಡು ಕಿರುಚಿ ಕಿರುಚಿ ಅತ್ತಿತು, ಆಮೇಲೆ ನೀರಿನಂಥ ಭೇದಿ. ಡಾಕ್ಟರಿಗೆ ಫೋನ್ ಮಾಡಿ, ಅವರು ಮೊದಲೇ ಬರೆದುಕೊಟ್ಟಿದ್ದ ಪಾಕೀಟಿನ ಪುಡಿಯನ್ನು ಕಲಸಿದೆವು. ಅದರಲ್ಲಿರುವುದು ಗ್ಲುಕೋಸು, ಕರುಳು ಅದನ್ನು ಒಡೆಯಬೇಕಾಗಿಲ್ಲ. ಸೊಸೆ ಚಮಚೆ ಚಮಚೆಯಾಗಿ ಕುಡಿಸುತ್ತಿದ್ದರೆ ಅಕ್ಕ ಅಡುಗೆಮನೆಯಿಂದ ಒಂದು ಗ್ಲಾಸು ಹಿಡಿದು ಬಂದರು. ಸಕ್ಕರೆ-ಉಪ್ಪಿನ ನೀರು! ನಾನು ಗ್ಲಾಸು ಕಿತ್ತುಕೊಂಡು ಮೋರಿಗೆ ಸುರಿದೆ. ತಾಯಿಯ ಹಾಲಿನದೇ ದೋಷ ಎಂದು ಅವರು ಮತ್ತೆ ಹಳೆಯ ರಾಗ ತೆಗೆದರು. ಸೊಸೆ ಕೂಸಿಗೆ ಮತ್ತೊಂದು ಚಮಚೆ ಕುಡಿಸಿದಳು.

ಕೂಸು ಸುಸ್ತಾಗಿ ಅವಳ ಹೆಗಲ ಮೇಲೆ ಮಲಗಿದ ಮೇಲೆ ಅಕ್ಕ ಚಹಾ ಕೇಳಿದರು. ಸಕ್ಕರೆ ಹಾಕಬೇಡ ಎಂದು ನೆನಪಿಸಿದರು ಕೂಡ. ನಾನು ಚಹಾ ಮಾಡಿ ತಂದೆ, ಸಕ್ಕರೆ ಡಬ್ಬಿಯನ್ನೂ ತಂದೆ. ಅವರ ಕಣ್ಣೆದುರಿಗೇ ಚಮಚೆ ತುಂಬ ಸಕ್ಕರೆ ಹಾಕಿ ಕಲಕಿದೆ.

“ಕುಡೀರಿ ಅಕ್ಕಾರ. ಒಂದ ಚಮಚೆಯಿಂದ ಏನ ಆಗತೈತಿ?”

ಅಕ್ಕನ ಮುಖ ಕಪ್ಪಿಟ್ಟಿತು. ನಾನು ಚಹಾದ ಕಪ್ಪನ್ನು ಅವರ ಮುಂದಕ್ಕೆ ಇನ್ನಷ್ಟು ಸರಿಸಿದೆ. ಆಗ ಸೊಸೆ ಎದ್ದು ಬಂದಳು. ಹೆಗಲ ಮೇಲೆ ಕೂಸು ಹಾಗೇ ಇತ್ತು. ಒಂದೇ ಕೈಯಲ್ಲಿ ಆ ಕಪ್ಪು ಎತ್ತಿಕೊಂಡಳು.

“ಬ್ಯಾಡ್ರಿ ಅತ್ತಿ. ಅವರಿಗೂ ಅದು ನಡೆಯಂಗಿಲ್ಲ.”

ಒಳಗೆ ಹೋಗಿ ಬೇರೆ ಪಾತೇಲಿಯಲ್ಲಿ ಸಕ್ಕರೆ ಇಲ್ಲದ ಚಹಾ ಮಾಡಿ ತಂದುಕೊಟ್ಟಳು. ಅಕ್ಕ ಅದನ್ನು ಆರುವ ತನಕ ಹಿಡಿದುಕೊಂಡೇ ಕೂತರು. ಆಮೇಲೆ ಬಗ್ಗಿ, ಚಾಪೆಯ ಮೇಲೆ ಬಿದ್ದಿದ್ದ ಕುಸುರೆಳ್ಳಿನ ಮಣಿಗಳನ್ನು ತಾವೇ ಆರಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ನನ್ನ ಕಡೆ ನೋಡಲಿಲ್ಲ. ಸೊಸೆಯನ್ನು ಕೇಳಿದರು:

“ಬೇದಾಣಿ ಎಷ್ಟೊತ್ತ ನೆನಿ ಇಡತೀ?”

ನನ್ನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ, ಉತ್ತರ ಕೊಡಲು ಬಾಯಿಯೂ ತೆರೆದಿದ್ದೆ. ಆದರೆ ಅವರು ಕೇಳಿದ್ದು ನನ್ನನ್ನಲ್ಲ. ಸೊಸೆ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಅವರ ಪಕ್ಕದಲ್ಲಿ ಕೂತು ಹೇಳತೊಡಗಿದಳು.