ಕೊರಿಯಾದ ರ‍್ಯಾಪಿಗೆ ಅಜ್ಜನ ಸೊಲ್ಲು

ನಮ್ಮ ಓಣಿಯಲ್ಲಿ ಎರಡು ಕೊರಿಯಾಗಳಿವೆ. ಒಂದು ಎದುರುಮನೆ ಹುಡುಗಿಯರದು. ಅದರಲ್ಲಿ ಬಣ್ಣದ ಕೂದಲಿನ ಚಂದದ ಹುಡುಗರು ಸಾಲಾಗಿ ಕುಣಿಯುತ್ತಾರೆ. ಇನ್ನೊಂದು ನನ್ನ ಮಗಳದು. ಅದರಲ್ಲಿ ಕುಣಿತವೂ ಇಲ್ಲ, ಚಂದವೂ ಇಲ್ಲ. ಸಿಯೋಲ್ ಪಟ್ಟಣದ ಯಾವುದೋ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ, ಹಣೆಯ ತನಕ ಟೊಪ್ಪಿಗೆ ಎಳೆದುಕೊಂಡ ಒಬ್ಬ ಹುಡುಗ ಮೈಕು ಹಿಡಿದು ಜಗಳಾಡುತ್ತಿರುತ್ತಾನೆ. ನನಗಂತೂ ಅದು ಹಾಡು ಅನ್ನಿಸಿರಲೇ ಇಲ್ಲ.

"ಅಂಡರ್‌ಗ್ರೌಂಡ್ ಹಿಪ್‌ಹಾಪ್ ಅವ್ವಾ ಇದು. ಖರೇದು," ಎನ್ನುತ್ತಾಳೆ ಮಗಳು.

ನಾನು ರಾಣೆಬೆನ್ನೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಜಂಪರ್ ಹೊಲಿಯುತ್ತೇನೆ. ಮಗಳು ಬಿ.ಎ. ಓದುತ್ತಾಳೆ. ಸಂಜೆ ಕಾಲೇಜಿನಿಂದ ಬಂದು ಹುಕ್ಕು ಹಚ್ಚಲು, ಸೀರೆಗೆ ಫಾಲ್ ಹಾಕಲು ನನ್ನ ಜೊತೆ ಕೂರುತ್ತಾಳೆ. ಆಗ ಮಷಿನ್ನಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಆ ಹುಡುಗ ಬೈಯುತ್ತಿರಲೇಬೇಕು. ಹೀಗಾಗಿ ಬೇಕೋ ಬೇಡವೋ ಕೊರಿಯಾದ ರ‍್ಯಾಪಿನ ಇಡೀ ಚರಿತ್ರೆ ನನ್ನ ಕಿವಿಗೆ ಬಿದ್ದಿದೆ. ಮೊದಮೊದಲು ಎಲ್ಲರೂ ಆ ಹುಡುಗರನ್ನು ನೋಡಿ ನಕ್ಕರಂತೆ. ರ‍್ಯಾಪ್ ಅಮೆರಿಕದವರ ಸೊತ್ತು, ನಿಮ್ಮದು ಬರೀ ನಕಲು ಎಂದರಂತೆ. ಅವರ ಭಾಷೆಯೂ ನಮ್ಮದರ ಹಾಗೆಯೇ. ಮಾಡಿದ್ದು, ಹೋದದ್ದು, ಬಂದದ್ದು ಎಲ್ಲ ವಾಕ್ಯದ ಕೊನೆಗೇ ಬರುತ್ತದೆ. ಅದರಲ್ಲಿ ಪ್ರಾಸ ಕಟ್ಟಿದರೆ ಮಕ್ಕಳ ಪದ್ಯದಂತಾಗುತ್ತದೆ ಎಂದು ಬಲ್ಲವರು ಹೇಳಿದರಂತೆ. ಈ ಹುಡುಗರು ವಾಕ್ಯವನ್ನೇ ಮುರಿದು ತಿರುಗಿಸಿ, ತಮ್ಮ ಓಣಿಯ ಮಾತಿನಲ್ಲೇ ತಮ್ಮ ಬಾಡಿಗೆ ಕೋಣೆ, ಪರೀಕ್ಷೆ, ಮಿಲಿಟರಿ ಸೇವೆ, ಅಪ್ಪನ ಸಿಟ್ಟು ಎಲ್ಲವನ್ನೂ ಹಾಡಿದರಂತೆ.

ಅಲ್ಲಿನ ಕಾಯ್ದೆಯೂ ಕಡಕ್. ಹಾಡುವವನೇ ಬರೆದಿರಬೇಕು. ಬದುಕಿದ್ದನ್ನೇ ಬರೆದಿರಬೇಕು. ಬೇರೆಯವರಿಂದ ಬರೆಸಿಕೊಂಡು ಹಾಡಿದವನು ಸಿಕ್ಕಿಬಿದ್ದರೆ ಮುಗಿಯಿತು, ತಲೆ ಎತ್ತಿ ತಿರುಗುವಂತಿಲ್ಲ. ಟಿವಿ ಸ್ಪರ್ಧೆಗೆ ಹೋದವನಿಗೂ ಮಾರಿಕೊಂಡವನೆಂಬ ಬೈಗುಳ. ಬೈದವರೆಲ್ಲ ಆ ಸ್ಪರ್ಧೆಯನ್ನು ಒಂದು ವಾರವೂ ಬಿಡದೆ ನೋಡುತ್ತಾರೆಂಬುದು ಬೇರೆ ಮಾತು. ನನ್ನ ಮಗಳು ಅದರಲ್ಲೂ ಮುಂದು.

ಇಷ್ಟೆಲ್ಲ ಕೇಳಿದ ಮೇಲೆ ಅವಳೂ ಬರೆಯತೊಡಗಿದ್ದು ನನಗೆ ಆಶ್ಚರ್ಯವೆನಿಸಲಿಲ್ಲ. ಒಂದು ಸಂಜೆ ನಾಚಿಕೊಂಡೇ ಹಾಡಿ ತೋರಿಸಿದಳು. ಕತ್ತಲ ಸಂದಿ, ನೆಲದಡಿಯ ರೈಲು, ಹಸಿದ ಹೊಟ್ಟೆ. ಹಿಡಿದರೆ ಬಿಡದಂಥ ದನಿ, ಅದನ್ನು ಒಪ್ಪಲೇಬೇಕು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ನಿನಗೆಲ್ಲಿ ಹಸಿವಿ ಆಗೇತಿ? ಈಗಷ್ಟ ಎರಡು ರೊಟ್ಟಿ ಶೇಂಗಾ ಹಿಂಡಿ ಹಚಗೊಂಡು ತಿಂದೀದಿ," ಅಂದೆ. "ನೆಲದಡಿ ರೈಲು ರಾಣೆಬೆನ್ನೂರಾಗ ಯಾವಾಗ ಬಂತು?"

ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಇಳಿಯಿತು. "ಹೌದು ಬಿಡ. ನಾನು ಖೊಟ್ಟಿ," ಅಂದು ಸೂಜಿಗೆ ದಾರ ಪೋಣಿಸಿದಳು. ಆ ಖೊಟ್ಟಿ ಎಂಬ ಮಾತು ಅಂದಿನಿಂದ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿತು. ಏನು ಬರೆದರೂ ತಾನೇ ಅಳಿಸುವಳು. ಇದು ನಂದಲ್ಲ, ಅವರದು ಎನ್ನುವಳು. ಹಾಡುವುದನ್ನೇ ಬಿಟ್ಟಾಳೆಂಬ ಹೆದರಿಕೆ ನನಗೆ.

ದಾರಿ ತೋರಿಸಿದವರು ನಮ್ಮ ಮನೆಯವರು. ಅವರು ಬ್ಯಾಡಗಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ತೂಕ ಮಾಡಿಸುವವರು. ಹಂಗಾಮು ಮುಗಿದರೆ ಅಂಗಡಿಯ ಹಿಂದಿನ ಗೋದಾಮು ಖಾಲಿ ಬೀಳುತ್ತದೆ. "ನೆಲಮಾಳಿಗಿ ಇಲ್ಲದಿದ್ರ ಏನಾತು, ಗೋದಾಮು ಐತಲ್ಲ, ಅಲ್ಲಿ ಒದರ್‍ರಿ," ಎಂದು ಸಾಹುಕಾರರ ಒಪ್ಪಿಗೆ ಪಡೆದು ಬಂದರು. ಭಾನುವಾರ ಮಗಳು, ಅವಳ ಗೆಳತಿಯರು ಬಸ್ಸು ಹತ್ತಿ ಬ್ಯಾಡಗಿಗೆ ಹೋಗತೊಡಗಿದರು. ದುಂಡಗೆ ನಿಂತು ಒಬ್ಬರಾದ ಮೇಲೆ ಒಬ್ಬರು ಹಾಡಬೇಕು, ಕೊರಿಯಾದಲ್ಲೂ ಹಾಗೆಯೇ ಅಂತೆ. ಆದರೆ ಆ ಗೋದಾಮಿನ ಗೋಡೆ, ಸೂರು, ನೆಲ ಎಲ್ಲದರಲ್ಲೂ ಮೆಣಸಿನಕಾಯಿಯ ಘಾಟು ಕೂತಿದೆ. ಸಿಟ್ಟಿನಿಂದ ಎರಡು ಸಾಲು ಹೇಳಿದವಳು ಮೂರನೆಯದಕ್ಕೆ ಸೀನುತ್ತಾಳೆ. ಕೇಳುವವರು ಕೆಮ್ಮುತ್ತಾರೆ. ಒಮ್ಮೆ ಬುತ್ತಿ ಕೊಡಲು ಹೋದ ನಾನು ಬಾಗಿಲಲ್ಲೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆ ನೀರಿನಲ್ಲಿ ಅರ್ಧ ಮೆಣಸಿನಕಾಯಿಯದು.

ಅಲ್ಲಿಂದಲೇ ಅವಳ ಬರಹ ಬದಲಾಯಿತು. ಎಷ್ಟು ತಿಕ್ಕಿ ಮೈ ತೊಳೆದರೂ ಅಪ್ಪನ ಟವೆಲ್ ಕಣ್ಣುರಿಸುವುದು, ಬಾಯಲ್ಲಿ ಟಾಚಣಿ ಪಿನ್ನು ಕಚ್ಚಿಕೊಂಡೇ ಅವ್ವ ಬೈಯುವುದು, ಅಳತೆ ಕೊಡುವಾಗ ಉಸಿರು ಹಿಡಿದು ನಿಲ್ಲುವ ದಪ್ಪ ಹೆಂಗಸರು, ಎಲ್ಲ ಬಂದವು. ನನ್ನನ್ನು ಹಾಡಿಗೆ ಹಾಕಿ ಹರಾಜು ಮಾಡಿದಳೆಂದು ಸಿಟ್ಟಾದೆ. ಒಳಗೊಳಗೆ ಹಿಗ್ಗಿದ್ದೂ ಹೌದು.

ಅದೇ ಸುಮಾರಿಗೆ ನನ್ನ ಅಪ್ಪ ಕಣ್ಣಿನ ಪೊರೆ ತೆಗೆಸಲು ನಮ್ಮ ಮನೆಗೆ ಬಂದ. ಗುತ್ತಲದ ಹತ್ತಿರದ ನಮ್ಮ ಊರಿನಲ್ಲಿ ಅವನು ಗೀಗೀ ಪದದ ಮೇಳದವನು. ಮುಂದೆ ನಿಂತು ಡಪ್ಪು ಬಡಿದು ಹಾಡಿದವನಲ್ಲ, ಹಿಮ್ಮೇಳದವನು. ಮುಂದಿನವನ ಸಾಲು ಮುಗಿಯುವುದರೊಳಗೆ "ಗೀಯ ಗಾ ಗೀಯ ಗಾ" ಎಂದು ಸೊಲ್ಲು ಹಿಡಿಯಬೇಕು. ಮುಂದಿನವನಿಗೆ ಉಸಿರು ಎಳೆದುಕೊಳ್ಳಲು, ಮರೆತ ಸಾಲು ನೆನಪು ಮಾಡಿಕೊಳ್ಳಲು ಅಷ್ಟು ಹೊತ್ತು ಸಿಗಬೇಕು. ಅಪ್ಪ ತನ್ನ ಆಯುಷ್ಯವೆಲ್ಲ ಮಾಡಿದ್ದು ಇದನ್ನೇ, ಯಾರ ಹಾಡೂ ನಡುವೆ ನಿಲ್ಲದಂತೆ ನೋಡಿಕೊಂಡದ್ದು.

ಆಪರೇಷನ್ ಆದ ಮೇಲೆ ದವಾಖಾನೆಯವರು ಕೊಟ್ಟ ದೊಡ್ಡ ಕರಿ ಕನ್ನಡಕ ಹಾಕಿಕೊಂಡು ಅಪ್ಪ ಕಟ್ಟೆಯ ಮೇಲೆ ಕೂತರೆ ಮಗಳು ತಿರುತಿರುಗಿ ಫೋಟೊ ತೆಗೆದಳು. ಅವಳ ರ‍್ಯಾಪರ್‌ಗಿಂತ ಅಪ್ಪನೇ ಜೋರಾಗಿ ಕಾಣುತ್ತಿದ್ದ. ಮೊಬೈಲಿನ ಜಗಳಗಂಟನನ್ನು ಕೇಳಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಯವ್ವಾ, ಈತ ಸವಾಲು ಹಾಕಾಕತ್ತಾನ. ಜವಾಬು ಯಾರು ಕೊಟ್ರು?"

ಮಗಳಿಗೆ ಸ್ವರ್ಗವೇ ಸಿಕ್ಕಿತು. ಜವಾಬು ಕೊಟ್ಟವನ ಹಾಡು, ಅದಕ್ಕೆ ಮರುಜವಾಬು, ಎಲ್ಲ ಹಾಕಿ ಅರ್ಥ ಹೇಳಿದಳು. ಟಿವಿಗೆ ಹೋದವರನ್ನು ಬೈಯುವ ಕತೆ ಕೇಳಿ ಅಪ್ಪ ತೊಡೆ ತಟ್ಟಿ ನಕ್ಕ. "ನಮಗೂ ಬೈದಾರ. ರೇಡಿಯೋದಾಗ ಹಾಡಿ ಬಂದ್ವಿ. ತಾಸುಗಟ್ಲೆ ಹಾಡೋ ಪದ ಚಾ ಕುಡಿಯೂದ್ರಾಗ ಮುಗಿಸಿ ಬಂದೀರಿ, ಮೇಳ ಮಾರಿ ಬಂದೀರಿ ಅಂದ್ರು ಊರಾಗ." ಆ ವಾರವೆಲ್ಲ ಇಬ್ಬರದೂ ಒಂದೇ ಗುಸುಗುಸು. ನನ್ನನ್ನು ಕೇಳುವವರೇ ಇಲ್ಲ.

ಮುಂದೆ ಹಾವೇರಿಯಲ್ಲಿ ಕಾಲೇಜುಗಳ ಹಾಡಿನ ಸ್ಪರ್ಧೆ ಬಂತು. ಮಗಳು ತನ್ನದೇ ರ‍್ಯಾಪ್ ಹಾಡುವೆನೆಂದು ಹೆಸರು ಕೊಟ್ಟಳು. ಅಷ್ಟೊತ್ತಿಗೆ ಅಪ್ಪ ಊರಿಗೆ ಮರಳಿದ್ದ. ಅವನು ಹೋದ ಬೆನ್ನಿಗೆ ಅವಳು ಹಾಡಿಗೆ ಒಂದು ಹೊಸ ಕಸರತ್ತು ಸೇರಿಸಿದಳು. ಅವಳ ಮೆಚ್ಚಿನ ರ‍್ಯಾಪರ್ ಕೊನೆಯ ಸಾಲುಗಳಿಗೆ ಮೊದಲು ಎಲ್ಲ ಸಂಗೀತ ನಿಲ್ಲಿಸಿ, ತಲೆ ತಗ್ಗಿಸಿ, ಮೌನವಾಗಿ ನಿಲ್ಲುತ್ತಾನೆ. ಜನ ಹುಚ್ಚೆದ್ದು ಕೂಗುತ್ತಾರೆ. ಇವಳೂ ಹಾಗೆಯೇ ನಿಲ್ಲುವುದನ್ನು ಕನ್ನಡಿಯ ಮುಂದೆ ರೂಢಿ ಮಾಡಿದಳು. ನನಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ.

ಅಪ್ಪ ಗುತ್ತಲದಿಂದ ನೇರ ಹಾವೇರಿಗೆ ಬಂದು ಮುಂದಿನ ಸಾಲಿನಲ್ಲೇ, ನನ್ನ ಪಕ್ಕ ಕೂತ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಟವೆಲ್. ಮಗಳು ಚೆನ್ನಾಗಿ ಹಾಡಿದಳು. ಟಾಚಣಿಯ ಸಾಲಿಗೆ ಸಭೆಯೆಲ್ಲ ನಕ್ಕಿತು, ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಆಮೇಲೆ ಸಂಗೀತ ನಿಂತಿತು. ಅವಳು ತಲೆ ತಗ್ಗಿಸಿ ನಿಂತಳು.

ಪಕ್ಕದಲ್ಲಿ ಅಪ್ಪ ಕುರ್ಚಿಯ ತುದಿಗೆ ಸರಿದದ್ದು ಗೊತ್ತಾಯಿತು. ಕೈ ಹಿಡಿಯಬೇಕು ಅನ್ನುವುದರೊಳಗೆ, ಒಂದು ಕೈ ಕಿವಿಗಿಟ್ಟು, ಇಡೀ ಸಭಾಂಗಣ ತುಂಬುವ ಹಾಗೆ ಎತ್ತಿಬಿಟ್ಟ: "ಗೀಯ ಗಾ, ಗೀಯ ಗಾ, ಗಾಗೀಯ ಗಾ!"

ಸಭೆ ಗೊಳ್ಳೆಂದಿತು. ಸಿಳ್ಳೆ ಬಿದ್ದವು. ಮಗಳು ತಲೆ ಎತ್ತಿ ಅಜ್ಜನನ್ನು ನೋಡಿದಳು, ಕೆಂಪಾದಳು, ಕೊನೆಯ ಸಾಲುಗಳನ್ನು ಗಡಿಬಿಡಿಯಲ್ಲಿ ಮುಗಿಸಿ ಇಳಿದಳು. ಹೊರಗಿನವರು ದನಿಗೂಡಿಸುವಂತಿಲ್ಲ ಎಂಬ ಕಾಯ್ದೆ ತೋರಿಸಿ ತೀರ್ಪುಗಾರರು ಅವಳ ಹಾಡನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಟವೆಲ್ ಹಿಂಡುತ್ತ ಒಂದೇ ಮಾತು ತಿರುತಿರುಗಿ ಹೇಳಿದ. "ಮರತಾಳ ಅಂತ ತಿಳಕೊಂಡೆ ಯವ್ವಾ. ಕೂಸು ಎಲ್ಲಾರ ಮುಂದ ನಿಂತಬಿಟ್ಟಾಳ ಅಂತ ಜೀವ ಹಾರಿಹೋತು."

ಮಗಳು ಬೇರೆ ಕಡೆ ನೋಡುತ್ತಿದ್ದಳು. ಅಜ್ಜ ಕೊಟ್ಟ ಪೇಢೆಯ ಪೊಟ್ಟಣವನ್ನೂ ಮುಟ್ಟಲಿಲ್ಲ. ಗುತ್ತಲದ ಬಸ್ಸು ಬಂತು, ಅಪ್ಪ ಹತ್ತಿದ.

ಆಮೇಲೆ ಎರಡೂ ಊರಿನಲ್ಲಿ ಸದ್ದಿಲ್ಲ. ಇಲ್ಲಿ ಮಗಳು ಬಾಯಿ ಬಿಡುತ್ತಿಲ್ಲ. ಅಲ್ಲಿಂದ ಅಣ್ಣನ ಫೋನು: "ಅಪ್ಪ ಸೋಮವಾರದ ಭಜನಿಗೂ ಹೋಗವಲ್ಲ. ಕರೀಲಿಕ್ಕೆ ಬಂದವರಿಗೆ, ನನ್ನ ಕಿವಿ ನಂಬೂ ಹಂಗಿಲ್ಲ, ಎಲ್ಲಿ ಹಿಡೀಬೇಕು ತಿಳಿಯೂದಿಲ್ಲ ಅಂತಾನ." ನನಗೆ ಅಳು ಬಂತು, ಸಿಟ್ಟೂ ಬಂತು. ಎಲ್ಲರ ಹಾಡು ಎತ್ತಿ ಹಿಡಿದವನು ಮೊಮ್ಮಗಳ ಒಂದು ಹಾಡಿಗಾಗಿ ಬಾಯಿ ಕಟ್ಟಿಕೊಂಡು ಕೂತಿದ್ದ. ಮಗಳಿಗೆ ಅಷ್ಟನ್ನೂ ಹೇಳಿದೆ, ಇನ್ನೂ ನಾಲ್ಕು ಸೇರಿಸಿಯೇ ಹೇಳಿದೆ. ಅವಳು ಗೆಳತಿ ತೆಗೆದ ಆ ದಿನದ ವಿಡಿಯೋ ಹಾಕಿಕೊಂಡು ಕೂತಳು, ಮರುದಿನವೂ ಅದನ್ನೇ ನೋಡಿದಳು. ಮತ್ತೊಂದು ಸಂಜೆ, ಹುಕ್ಕು ಹಚ್ಚುತ್ತಿದ್ದವಳು ಸೂಜಿ ನಿಲ್ಲಿಸಿದಳು.

"ಅವ್ವಾ, ಇಡೀ ಹಾಡಿನಾಗ ನಂದಲ್ಲದ್ದು ಅದೊಂದ ಇತ್ತು ನೋಡ. ಆ ಸುಮ್ನ ನಿಲ್ಲೂದು."

ನಾನು ಹಲ್ಲಿನಿಂದ ದಾರ ಕಡಿದೆ.

ಹೊಸ ಮೆಣಸಿನಕಾಯಿ ಬರುವ ಮೊದಲಿನ ಕೊನೆಯ ಭಾನುವಾರ ಗೋದಾಮಿನಲ್ಲಿ ಹಾಡು ಎಂದಾಯಿತು. ಕಣ್ಣು ತೋರಿಸಬೇಕೆಂಬ ನೆಪದಲ್ಲಿ ಅಪ್ಪನನ್ನು ಕರೆಸಿಕೊಂಡು, ನಮ್ಮ ಮನೆಯವರು ಬ್ಯಾಡಗಿಗೆ ಎಳೆದುಕೊಂಡು ಬಂದರು. ಅಪ್ಪ ದೂರದ ಮೂಲೆಯಲ್ಲಿ ಖಾಲಿ ಚೀಲಗಳ ಮೇಲೆ ಕೂತ. "ನಾ ಏನೂ ಮಾತಾಡೂದಿಲ್ಲ, ಕೇಳತೇನಿ ಅಷ್ಟ," ಅಂದು ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಘಾಟಿಗೋ, ಹೆದರಿಕೆಗೋ, ಎರಡಕ್ಕೂ ಇರಬೇಕು.

ಮಗಳು ಅದೇ ಹಾಡು ಹಾಡಿದಳು. ಅದೇ ಜಾಗ ಬಂತು. ನಿಂತಳು.

ಅಪ್ಪ ಟವೆಲನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡ. ಯಾರೂ ಕೆಮ್ಮಲಿಲ್ಲ ಕೂಡ. ಮಗಳು ತಲೆ ತಗ್ಗಿಸಿರಲಿಲ್ಲ, ನೇರ ಅಜ್ಜನನ್ನೇ ನೋಡುತ್ತಿದ್ದಳು.

"ಅಜ್ಜಾ, ಹಿಡೀ," ಅಂದಳು.

ಅಪ್ಪ ನನ್ನ ಕಡೆ ನೋಡಿದ, ಅಳಿಯನ ಕಡೆ ನೋಡಿದ. ಟವೆಲಿನ ಒಳಗಿಂದಲೇ ಕೇಳಿದ: "ಹಿಡೀಲೇನು?"

"ಲಗೂ ಹಿಡಿಯೋ ಮಾರಾಯಾ, ಮುಂದಿನ ಸಾಲು ಖರೇನ ಮರತೇನಿ!"

ಅಪ್ಪ ಟವೆಲ್ ಕೆಳಗಿಟ್ಟು, ಒಂದು ಕೈ ಕಿವಿಗೆ ಹಚ್ಚಿ ಬಾಯಿ ತೆರೆದ. ಮೊದಲು ಬಂದದ್ದು ಒಂದು ದೊಡ್ಡ ಸೀನು. ಅದರ ಬೆನ್ನಿಗೇ ಸೊಲ್ಲು ಬಂತು.